ಸ್ಪೇನಿನ ಅಟ್ಟದಲ್ಲಿ ನಮ್ಮ ಹುಳು ಮನೆ

ಶೈಲಜಾ ಅತ್ತಿಗೆಯವರಿಗೆ,

ಜ್ಯೋತಿಲಕ್ಷ್ಮಿಯ ನಮಸ್ಕಾರಗಳು. ನಿಮ್ಮನ್ನು ಅತ್ತಿಗೆ ಎಂದು ಕರೆಯುವ ಹಕ್ಕು ನನಗೆ ಉಳಿದಿಲ್ಲವೆಂದು ಗೊತ್ತು. ನೀವು ಮಂಚೇನಹಳ್ಳಿಯ ನಮ್ಮ ಮನೆಯಿಂದ ಹೋಗಿ ಇಪ್ಪತ್ತೈದು ವರ್ಷವಾಯಿತು. ಅಣ್ಣ ಉದಯಕುಮಾರ್ ಬೇರೆ ಮದುವೆಯಾಗಿಯೂ ಇಪ್ಪತ್ತೆರಡು ವರ್ಷ ಆಗಿಹೋಯಿತು. ಆದರೂ ಬೇರೆ ಏನೆಂದು ಬರೆಯಲು ಹೋದರೂ ಪೆನ್ನು ನಿಲ್ಲುತ್ತದೆ. ಇದನ್ನು ಓದದೆ ಹರಿದುಹಾಕಬೇಕು ಎನಿಸಿದರೆ ಧಾರಾಳವಾಗಿ ಹರಿಯಿರಿ. ಹರಿಯುವ ಮುಂಚೆ ಕೊನೆಯ ಸಾಲು ಒಂದನ್ನು ಮಾತ್ರ ಓದಿಬಿಡಿ.

ಬರೆಯುತ್ತಿರುವುದು ಸ್ಪೇನ್ ದೇಶದಿಂದ. ಬಸ್ಸಿನಲ್ಲಿ ಚಿಕ್ಕಬಳ್ಳಾಪುರ ಮುಟ್ಟುವಷ್ಟರಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ ಜೋತಮ್ಮ ವಿಮಾನ ಹತ್ತಿದಳೇ ಎಂದು ನಿಮಗೆ ನಗು ಬರಬಹುದು, ಬಂದರೆ ಸಂತೋಷ. ಗೌರಿಬಿದನೂರಿನಲ್ಲಿ ನಮ್ಮದು ಟೈಲ್ಸ್ ಅಂಗಡಿ. ನನ್ನ ಗಂಡ ನಾಗರಾಜ್ ಗೋಡೌನ್ ನೋಡಿಕೊಂಡರೆ, ಗಿರಾಕಿಗಳ ಹತ್ತಿರ ಮಾತಾಡುವುದು ನಾನು. ಒಂದು ಟೈಲ್ಸ್ ಕಂಪನಿಯವರು ಈ ವರ್ಷ ನಮ್ಮ ಕಡೆಯ ಐದು ಜನ ಡೀಲರುಗಳನ್ನು ಹೆಂಡತಿಯರ ಸಮೇತ ಎಂಟು ದಿನದ ಪ್ರವಾಸಕ್ಕೆ ಕಳಿಸಿದ್ದಾರೆ. ವೆಲೆನ್ಸಿಯಾ ಎಂಬ ದೊಡ್ಡ ಊರಿನಿಂದ ಒಂದು ಗಂಟೆ ದೂರದ ಹಳೇ ಊರಿನಲ್ಲಿ, ಮುನ್ನೂರು ವರ್ಷದ ಒಂದು ಮನೆಯಲ್ಲಿ ನಮ್ಮನ್ನು ಇಳಿಸಿದ್ದಾರೆ. ಗಂಡಸರೆಲ್ಲ ಈಗ ಫ್ಯಾಕ್ಟರಿ ನೋಡಲು ಹೋಗಿದ್ದಾರೆ. ಇಲ್ಲಿ ಮಧ್ಯಾಹ್ನ ಎರಡಾದರೆ ಅಂಗಡಿಯವರೆಲ್ಲ ಬಾಗಿಲು ಎಳೆದುಕೊಂಡು ಮಲಗಿಬಿಡುತ್ತಾರೆ. ಅಂಥ ಊರಲ್ಲಿ ವ್ಯಾಪಾರ ಹೇಗಾಗುತ್ತದೋ ಆ ದೇವರೇ ಬಲ್ಲ. ಊರೆಲ್ಲ ಮಲಗಿರುವ ಹೊತ್ತು ನೋಡಿ ನಾನು ಬರೆಯಲು ಕೂತಿದ್ದೇನೆ.

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ನೆಲ. ಕಸುಬಿನ ಚಟ. ಈ ಮನೆಯೊಳಗೆ ಕಾಲಿಟ್ಟಾಗಲೂ ಅದನ್ನೇ ನೋಡಿದೆ. ಬೀದಿಗೆ ಅಂಟಿಕೊಂಡ ಮೂರಂತಸ್ತಿನ ಮನೆ, ಎರಡು ಪಕ್ಕದಲ್ಲೂ ಬೇರೆ ಮನೆಗಳ ಗೋಡೆ, ಕಬ್ಬಿಣದ ಗುಬುಟು ಹೊಡೆದ ಎತ್ತರದ ಬಾಗಿಲು. ಒಳಗೆ ನಮ್ಮ ತೊಟ್ಟಿ ಮನೆಗಳಲ್ಲಿ ಇರುವಂತೆ ಬಯಲು ಅಂಗಳ, ಅದರಲ್ಲಿ ಒಂದು ಮರ. ಮೆಟ್ಟಿಲುಗಳ ಎದುರು ಮುಖಕ್ಕೆಲ್ಲ ಕೈಯಲ್ಲಿ ಬರೆದ ಹೆಂಚಿನ ಬಿಲ್ಲೆಗಳು. ಒಂದರಲ್ಲಿ ಹಕ್ಕಿ, ಒಂದರಲ್ಲಿ ದಾಳಿಂಬೆ, ಒಂದರಲ್ಲಿ ಸಿಡುಕು ಮುಖದ ಹೆಂಗಸು. ಇಂಥವುಗಳ ನಕಲನ್ನು ಪೆಟ್ಟಿಗೆಗಟ್ಟಲೆ ಮಾರಿದ್ದೇನೆ, ಅಸಲನ್ನು ಕಂಡದ್ದು ಇದೇ ಮೊದಲು. ಆ ಸಂಭ್ರಮದಲ್ಲಿ ಅಂಗಳದ ಮರವನ್ನು ನಾನು ಸರಿಯಾಗಿ ನೋಡಲೇ ಇಲ್ಲ.

ಎರಡನೇ ದಿನ ಬೆಳಿಗ್ಗೆ ಚಿಕ್ಕಬಳ್ಳಾಪುರದ ಡೀಲರ್ ಹೆಂಡತಿ ಚಿತ್ರಾನ್ನಕ್ಕೆಂದು ಒಗ್ಗರಣೆ ಹಾಕಿದರು. ಸಾಸಿವೆ, ಒಣಮೆಣಸಿನಕಾಯಿ ಸಿಡಿದ ತಕ್ಷಣ ಸೂರಿನಲ್ಲಿದ್ದ ಹೊಗೆಯ ಗಂಟೆ ಊರೇ ಹತ್ತಿಕೊಂಡಂತೆ ಅರಚತೊಡಗಿತು. ಮನೆ ನೋಡಿಕೊಳ್ಳುವ ಮುದುಕಿ ಪಕ್ಕದ ಬಾಗಿಲಿನಿಂದ ಓಡಿ ಬಂದಳು. ಹೆಸರು ಪಿಲಾರ್. ನಾವು ಆಗಲೇ ಪಿಲಾರಮ್ಮ ಮಾಡಿಕೊಂಡಿದ್ದೆವು. ಬೈಯುತ್ತಾಳೆಂದು ನಾವು ಬಾಣಲೆ ಬಚ್ಚಿಟ್ಟುಕೊಂಡು ನಿಂತರೆ ಆಕೆ ನಗುತ್ತಾ ಮೇಲಕ್ಕೆ ಕೈ ತೋರಿಸಿದಳು. ಫೋನಿನಲ್ಲಿ ಆಕೆ ಮಾತಾಡಿದ್ದನ್ನು ಫೋನು ಕನ್ನಡದಲ್ಲಿ ಹೇಳಿತು: ಅವಳ ಅಜ್ಜಿಯ ಕಾಲದಲ್ಲಿ ಬೇಸಿಗೆ ಬರುವ ಮುಂಚಿನ ಒಂದೂವರೆ ತಿಂಗಳು ಈ ಮನೆಯಲ್ಲಿ ಏನನ್ನೂ ಕರಿಯುವಂತಿರಲಿಲ್ಲವಂತೆ. ಬೆಳ್ಳುಳ್ಳಿ ಹುರಿಯುವಂತಿರಲಿಲ್ಲ, ಹೊಗೆಸೊಪ್ಪು ಸೇದುವಂತಿರಲಿಲ್ಲ. ಮೇಲೆ ಇದ್ದವುಗಳಿಗೆ ವಾಸನೆ ಆಗುವುದಿಲ್ಲ ಎಂದು.

ಮಿಕ್ಕ ಹೆಂಗಸರು ಮೇಲೆ ದೆವ್ವ ಇದೆಯೇನೋ ಎಂದು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಅತ್ತಿಗೆ, ಆ ಕಟ್ಟುಪಾಡು ನಮ್ಮದಲ್ಲವೇ? ರೇಷ್ಮೆ ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದ ಮೇಲೆ ನಮ್ಮಮ್ಮ ಒಗ್ಗರಣೆಗೆ ಬಾಣಲೆ ಇಡಲು ಬಿಡುತ್ತಿರಲಿಲ್ಲ. ಎಂಟು ದಿನ ಉಪ್ಪುಸಾರು ಉಂಡು ಉಂಡು, ಗೂಡು ಕಟ್ಟಿದ ದಿನ ನೀವೂ ನಾನೂ ಬೋಂಡ ಕರಿದು ಬಾಯಿ ಸುಟ್ಟುಕೊಳ್ಳುತ್ತಿದ್ದೆವು. ಅಂಗಳಕ್ಕೆ ಬಂದು ಮರ ನೋಡಿದೆ. ಹಿಪ್ಪುನೇರಳೆ. ನಾವು ಸೊಂಟದೆತ್ತರಕ್ಕೆ ಕತ್ತರಿಸಿ ಬೆಳೆಸುವ ಗಿಡ ಇಲ್ಲಿ ಮಾಳಿಗೆ ಮುಟ್ಟುವ ಮರವಾಗಿ ನಿಂತಿತ್ತು. ನನ್ನ ಕೈ ತಾನಾಗಿ ಹೋಗಿ ಒಂದು ಎಲೆಯನ್ನು ತೊಟ್ಟಿನ ಹತ್ತಿರ ಚಿವುಟಿತು.

ಪಿಲಾರಮ್ಮ ನಮ್ಮನ್ನು ಅಟ್ಟಕ್ಕೆ ಕರೆದುಕೊಂಡು ಹೋದಳು. ಉದ್ದಕ್ಕೆ ಒಂದೇ ಕೋಣೆ, ತಗ್ಗಿನಲ್ಲಿ ಗಾಳಿಗೆಂದು ಸಣ್ಣ ಸಣ್ಣ ಕಿಂಡಿಗಳು, ಸಾಲಾಗಿ ಮರದ ಕಂಬಗಳು, ಕಂಬಗಳಲ್ಲಿ ಹುಳು ಸಾಕುವ ತಟ್ಟೆ ಕೂರಿಸುವ ಗೂಟಗಳು. ತಟ್ಟೆಗಳು ಹೋಗಿ ಎಷ್ಟೋ ಕಾಲವಾಗಿದೆ. ನಾನು ಕಂಬಗಳ ನಡುವಿನ ಜಾಗ ನೋಡಿದೆ. ಒಬ್ಬ ಹೆಂಗಸು ಎರಡೂ ಕೈಯಲ್ಲಿ ತಟ್ಟೆ ಹಿಡಿದು ಯಾರಿಗೂ ತಗಲದೆ ತಿರುಗುವಷ್ಟೇ ಜಾಗ. ನಮ್ಮ ಹುಳು ಮನೆಯಲ್ಲಿ ನೀವು ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಸೊಪ್ಪು ಹಾಕುತ್ತಾ ಬಂದು ನಡುವೆ ಸೇರುತ್ತಿದ್ದೆವಲ್ಲ, ಅಷ್ಟೇ ಜಾಗ.

ಆಮೇಲೆ ಆಕೆ ಇನ್ನೊಂದು ವಿಷಯ ಹೇಳಿದಳು. ಹುಳುವಿನ ಮೊಟ್ಟೆ ಒಡೆಸಲು ಆಗ ಯಾವ ಯಂತ್ರವೂ ಇರಲಿಲ್ಲವಂತೆ. ಮನೆಯ ಹೆಂಗಸರು ಮೊಟ್ಟೆಗಳನ್ನು ಬಟ್ಟೆಯ ಸಣ್ಣ ಚೀಲದಲ್ಲಿ ಕಟ್ಟಿ ಎದೆಯ ಮೇಲೆ, ರವಿಕೆಯೊಳಗೆ ಇಟ್ಟುಕೊಂಡು ತಿರುಗುತ್ತಿದ್ದರಂತೆ. ಅವರ ಮೈ ಶಾಖಕ್ಕೆ ಮೊಟ್ಟೆ ಒಡೆಯುತ್ತಿತ್ತು. ಅವಳಮ್ಮ ಹೊಟ್ಟೆಯಲ್ಲಿದ್ದ ವರ್ಷ ಅಜ್ಜಿಯ ಮೈ ಹೆಚ್ಚು ಬೆಚ್ಚಗಿದೆ ಎಂದು ಬೀದಿಯವರೆಲ್ಲ ತಮ್ಮ ಚೀಲಗಳನ್ನೂ ತಂದು ಆಕೆಯ ಕೈಗೇ ಕೊಟ್ಟಿದ್ದರಂತೆ. ಪಿಲಾರಮ್ಮ ತನ್ನ ಎದೆಯ ಮೇಲೆ ಕೈಯಿಟ್ಟು ತೋರಿಸಿ ನಕ್ಕಳು. ನಾನು ಆ ಕಂಬ ಹಿಡಿದುಕೊಂಡು ಕುಸಿದು ಕೂತೆ. ಬಿ.ಪಿ. ಇಳಿದಿದೆ ಎಂದು ಜೊತೆಯ ಹೆಂಗಸರು ಬಾಯಿಗೆ ಸಕ್ಕರೆ ಹಾಕಿದರು.

ಬಿ.ಪಿ. ಅಲ್ಲ ಅತ್ತಿಗೆ. ಅಲ್ಲಿ ಬಸುರಿಯ ಎದೆಯ ಮೇಲೆ ಹುಳು ಹುಟ್ಟುತ್ತಿದ್ದವು. ನಮ್ಮ ಮನೆಯಲ್ಲಿ ಬಸುರಿಯಾಗಿದ್ದ ನಿಮ್ಮನ್ನು ಹುಳು ಕೊಂದವಳೆಂದು ಹೊರಗೆ ಹಾಕಿದೆವು. ಆ ಬೆಳಿಗ್ಗೆ ಏನಾಯಿತೆಂದು ನಿಮಗೆ ಗೊತ್ತಿರುವುದು ಅರ್ಧ. ಉಳಿದ ಅರ್ಧ ನನ್ನೊಬ್ಬಳಿಗೇ ಗೊತ್ತಿತ್ತು. ಅದನ್ನು ಈಗ ಹೇಳುತ್ತೇನೆ.

ಹುಳು ಹಣ್ಣಾಗಿ ಗೂಡು ಕಟ್ಟಲು ಮೂರು ದಿನ ಬಾಕಿ ಇತ್ತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಹಾಕಿ ಒಣಗಿಸಿಟ್ಟಿದ್ದೆವು. ಆ ಭಾನುವಾರ ಬೆಳಿಗ್ಗೆ ಪಕ್ಕದ ಹೊಲದ ಬಯ್ಯಪ್ಪ ಬೇಲಿಯ ಆಚೆಯಿಂದ ನನ್ನನ್ನು ಕೂಗಿ ಹೇಳಿದ್ದ: “ಅಮ್ಮಣ್ಣಿ, ಟೊಮೇಟೊಗೆ ಔಷ್ದಿ ಹೊಡ್ದಿದೀನಿ, ಗಾಳಿ ನಿಮ್ ಕಡೀಕೇ ಇತ್ತು. ಬೇಲಿ ಪಕ್ಕದ ಸಾಲು ಹದಿನೈದ್ ದಿನ ಮುಟ್ಬೇಡ್ರಪ್ಪ, ನಿಮ್ಮಪ್ಪಂಗೂ ಹೇಳ್ಬುಡು.” ನಾನು ಹೂಂ ಎಂದೆ. ಅಪ್ಪನಿಗೆ ಹೇಳುವುದನ್ನು ಮರೆತೆ. ಸಂಜೆ ಸೊಪ್ಪು ತರುವ ಸರದಿ ನನ್ನದು. ಟಿ.ವಿ.ಯಲ್ಲಿ ನಾಲ್ಕು ಗಂಟೆಗೆ ಸಿನಿಮಾ. ಬಾವಿ ಪಕ್ಕದ ಸಾಲಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ಸಿನಿಮಾ ಮುಗಿಯುತ್ತದೆಂದು ಹತ್ತಿರವಿದ್ದ ಬೇಲಿ ಸಾಲಿನಲ್ಲೇ ಎರಡು ಹೊರೆ ಕೊಯ್ದು ತಂದೆ. ಬಯ್ಯಪ್ಪನ ಮಾತು ನೆನಪಿಗೆ ಬರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಬಂದಿತ್ತು. ಒಂದು ದಿನಕ್ಕೆ ಏನಾಗಿಬಿಡುತ್ತದೆ ಎಂದುಕೊಂಡೆ.

ಬೆಳಗಾಗುವಷ್ಟರಲ್ಲಿ ಹುಳುಗಳೆಲ್ಲ ತಲೆ ಎತ್ತಿ ಒದ್ದಾಡುತ್ತಾ ಹಸಿರು ನೀರು ಕಾರುತ್ತಿದ್ದವು. ಅಪ್ಪ ಒಂದೊಂದೇ ತಟ್ಟೆ ಎಳೆದು ನೋಡಿ ಹಾಗೇ ಒಳಗೆ ತಳ್ಳುತ್ತಿದ್ದರು. ಅವರು ಮೊದಲು ಕೇಳಿದ್ದು ನನ್ನನ್ನೇ: “ಸೊಪ್ಪು ಯಾವ ಸಾಲಿಂದ ತಂದೆ ಮಗಳೆ?” ನಾನು “ಬಾವಿ ಪಕ್ಕದ್ದು ಕಣಪ್ಪ” ಎಂದೆ. ಅಪ್ಪ ನನ್ನ ಮಾತು ನಂಬಿದರು, ಅದೇ ನನ್ನ ಮೊದಲನೇ ಪಾಪ. ಸೊಪ್ಪಿನಲ್ಲಿ ದೋಷವಿಲ್ಲ ಎಂದ ಮೇಲೆ ಮೈಲಿಗೆ ಹುಡುಕಬೇಕಾಯಿತು. ಮುಟ್ಟಾದವರು ಹುಳು ಮನೆಯ ಹೊಸಿಲು ತುಳಿಯಬಾರದು ಎಂಬುದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ಅಮ್ಮನ ಕಣ್ಣು ನಿಮ್ಮ ಮೇಲೆ ಬಿತ್ತು.

ಅಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. “ಅಯ್ಯೋ ದೇವುಡಾ! ಹೊರಗಾಗಿದ್ದೋಳು ಬಾಯ್ಮುಚ್ಕೊಂಡು ಒಳೀಕೆ ಬಂದವ್ಳೆ ಕಣ್ರೋ, ನಮ್ ಮನೆ ಹುಳಾನೆಲ್ಲ ತಿಂದ್ಕೊಂಡ್ಳು!” ನೀವು ಅಳಲಿಲ್ಲ. “ಇಲ್ಲ ಅತ್ತೆ, ನಾನು ಹೊರಗಾಗಿಲ್ಲ” ಎಂದಿರಿ. ಮತ್ತೆ ಕೇಳಿದಾಗಲೂ ಅಷ್ಟೇ ಹೇಳಿದಿರಿ. ಆಮೇಲೆ ನನ್ನ ಕಡೆ ತಿರುಗಿ, “ಜೋತಮ್ಮ, ನಿಂಗೊತ್ತಲ್ಲ, ನೀನೇ ಹೇಳಮ್ಮ” ಎಂದಿರಿ.

ನನಗೆ ಗೊತ್ತಿತ್ತು. ಹತ್ತು ದಿನದ ಹಿಂದೆಯಷ್ಟೇ ಸೊಪ್ಪು ಕೊಯ್ಯುವಾಗ ನೀವು ನನ್ನ ಕೈಯನ್ನು ನಿಮ್ಮ ತಲೆಯ ಮೇಲೆ ಇಟ್ಟುಕೊಂಡು ಆಣೆ ಮಾಡಿಸಿದ್ದಿರಿ. “ಎರಡು ತಿಂಗಳಾಯ್ತು ಕಣೆ. ಮೂರು ತುಂಬೋವರ್ಗೂ ಯಾರ್ಗೂ ಹೇಳ್ಬೇಡ, ನಿಮ್ಮಣ್ಣಂಗೂ ಹೇಳಿಲ್ಲ.” ಮೊದಲನೇ ಸಲ ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದ ಮಾರನೇ ವಾರವೇ ಬಸಿರು ಇಳಿದುಹೋಗಿತ್ತಲ್ಲ, ಆ ಹೆದರಿಕೆ ನಿಮಗೆ. ಇಡೀ ಮನೆಯಲ್ಲಿ ನನ್ನೊಬ್ಬಳನ್ನು ನಂಬಿ ಹೇಳಿದ್ದಿರಿ. ಆ ಬೆಳಿಗ್ಗೆ ನೀವೇ ಆಣೆ ಬಿಡಿಸಿದಿರಿ, ಹೇಳು ಎಂದಿರಿ. ನಾನು ನೆಲ ನೋಡಿಕೊಂಡು “ನಂಗೇನ್ ಗೊತ್ತು, ನನ್ಯಾಕೆ ಕೇಳ್ತೀರಾ” ಎಂದೆ. ನೀವು ಮುಟ್ಟಾಗಿರಲಿಲ್ಲ ಎಂದು ನಾನು ಹೇಳಿದ್ದರೆ ಅಪ್ಪ ಮತ್ತೆ ಸೊಪ್ಪಿನ ವಿಷಯಕ್ಕೇ ಬರುತ್ತಿದ್ದರು, ಬಯ್ಯಪ್ಪನನ್ನು ಕೇಳುತ್ತಿದ್ದರು. ಹತ್ತೊಂಬತ್ತು ವರ್ಷದ ನನಗೆ ಅಪ್ಪನ ಕೈಯ ಒಂದು ಏಟು, ಬೀದಿಯವರ ನಾಲ್ಕು ಮಾತು ಅಷ್ಟು ದೊಡ್ಡದಾಗಿ ಕಂಡವು. ನಿಮ್ಮ ಬಾಳು ಅದರ ಮುಂದೆ ಚಿಕ್ಕದಾಗಿ ಕಂಡಿತು.

ಬಸುರಿ ಎಂದು ಆಗ ನೀವು ಹೇಳಿದ್ದರೂ ಸಬೂಬು ಎನ್ನುತ್ತಿದ್ದರು. ಕೈ ತೊಳೆದುಕೊಂಡು, ಬ್ಯಾಗು ತೆಗೆದುಕೊಂಡು ನಿಮ್ಮ ತವರು ಚಿಂತಾಮಣಿಯ ಬಸ್ಸು ಹತ್ತಿದಿರಿ. ಕೋಪ ಇಳಿದ ಮೇಲೆ ಬರುತ್ತಾಳೆ ಎಂದು ಅಣ್ಣ ಕಾದ, ಕರೆದುಕೊಂಡು ಬರುತ್ತಾರೆ ಎಂದು ನೀವು ಕಾದಿರೇನೋ. ನೀವು ಹೋದ ಏಳು ತಿಂಗಳಿಗೆ ಮಗುವಾದ ಸುದ್ದಿ ಬಂತು. ಆ ಸುದ್ದಿ ಕೇಳಿ ಅಣ್ಣ ಅಂಗಿ ಹಾಕಿಕೊಂಡು ಹೊರಟೇ ಬಿಟ್ಟಿದ್ದ ಅತ್ತಿಗೆ, ಇದು ನಿಮಗೆ ಗೊತ್ತಿಲ್ಲ. ಬಾಗಿಲಲ್ಲಿ ಅಮ್ಮ ತಡೆದು, “ಆ ತಿಂಗಳು ಮುಟ್ಟಾಗಿದ್ದೋಳು ಹೆಂಗೋ ಬಸುರಿ ಆಗಿದ್ಲು? ಇಲ್ಲಿಂದ ಹೋದ್ ಮೇಲೆ ಆಗಿರೋ ಏಳ್ ತಿಂಗಳ ಕೂಸು ಅದು, ಯಾರ್ದು ಅಂತ ಕೇಳ್ಕೊಂಡ್ ಬಾ ಹೋಗು” ಎಂದಳು. ಅಣ್ಣ ಚಪ್ಪಲಿ ಬಿಟ್ಟು ಒಳಗೆ ಹೋದ. ನಾನು ಅಲ್ಲೇ ಹೊಸಿಲ ಹತ್ತಿರ ಹೂ ಕಟ್ಟುತ್ತಾ ಕೂತಿದ್ದೆ. ನನ್ನ ಒಂದು ಸುಳ್ಳು ಹುಟ್ಟಿದ ಕೂಸಿಗೆ ಅಪ್ಪನಿಲ್ಲದಂತೆ ಮಾಡಿದ್ದನ್ನು ಕಣ್ಣಾರೆ ನೋಡಿದೆ. ಆಗಲೂ ಹೂ ಕಟ್ಟುತ್ತಲೇ ಇದ್ದೆ.

ನಿಮ್ಮ ಮಗಳು ಯಾಮಿನಿಯನ್ನು ನಾನು ನೋಡಿದ್ದೇನೆ. ಹೋದ ವರ್ಷ ಕುಡುಮಲಕುಂಟೆಯ ಫ್ಯಾಕ್ಟರಿಯ ಗುರುತಿನ ಚೀಟಿ ಕೊರಳಲ್ಲಿ ಹಾಕಿಕೊಂಡೇ ಅಂಗಡಿಗೆ ಬಂದಿದ್ದಳು. “ಅಮ್ಮಂಗೆ ಮಂಡಿ ನೋವು ಆಂಟಿ, ಬಚ್ಚಲಿಗೆ ಜಾರ್ದೇ ಇರೋ ಟೈಲ್ಸ್ ಕೊಡಿ” ಎಂದಳು. ಸರಕು ಕಳಿಸಲು ವಿಳಾಸ ಕೇಳಿದಾಗ ನಿಮ್ಮ ಹೆಸರು ಹೇಳಿದಳು. ಅವಳು ಹೇಳುವ ಮುಂಚೆಯೇ ನನಗೆ ಅನುಮಾನ ಬಂದಿತ್ತು. ಟೈಲ್ಸನ್ನು ಬೆರಳ ಗೆಣ್ಣಿನಿಂದ ತಟ್ಟಿ, ತಲೆ ಓರೆ ಮಾಡಿ ಕಿವಿಗೊಟ್ಟು ಕೇಳಿದಳು. ನಮ್ಮಪ್ಪ ಪಾಪಯ್ಯ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಿದ್ದದ್ದು ಹಾಗೆಯೇ, ಅದೇ ಓರೆ. ಕಲಿಸಿಕೊಟ್ಟು ಬರುವಂಥದ್ದಲ್ಲ ಅದು. ಅವಳು ಹೋದ ಮೇಲೆ ಗೋಡೌನಿಗೆ ಹೋಗಿ ಅತ್ತು ಬಂದೆ. ಅಳುವುದು ನನಗೆ ಚೆನ್ನಾಗಿ ಬರುತ್ತದೆ, ಮಾತಾಡಬೇಕಾದ ಕಡೆ ಬಾಯಿ ಬರುವುದಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಯಾಮಿನಿಗೆ ಗೊತ್ತಾಗಿರುವ ಹುಡುಗನ ತಂದೆ, ನಗರಗೆರೆಯ ಮುನಿವೆಂಕಟಪ್ಪನವರು, ನಾವು ವಿಮಾನ ಹತ್ತುವ ನಾಲ್ಕು ದಿನ ಮುಂಚೆ ಅಂಗಡಿಗೆ ಬಂದಿದ್ದರು. ನಿಧಾನಸ್ಥರು. “ಹುಡ್ಗಿ ಬಂಗಾರದಂಥೋಳು ಕಣಮ್ಮ. ಆದ್ರೆ ಹುಟ್ಟಿನ ವಿಷ್ಯ ಏನೇನೋ ಅಂತಾರೆ, ನಮ್ಮನೆ ಹೆಂಗಸ್ರು ಹಿಂಜರೀತಾವ್ರೆ. ನೀವೂ ಆ ಮನೇಲಿದ್ದೋರು, ಒಂದ್ ಮಾತು ಹೇಳ್ಬಿಟ್ರೆ ಸಾಕು” ಎಂದರು. ಇಪ್ಪತ್ತೈದು ವರ್ಷದ ಮೇಲೆ ದೇವರು ಅದೇ ಪ್ರಶ್ನೆಯನ್ನು ಕುರ್ಚಿ ಹಾಕಿ ನನ್ನ ಎದುರಿಗೆ ಕೂರಿಸಿದ್ದ. ನಾನು ದಿನಕ್ಕೆ ಐವತ್ತು ಜನರ ಹತ್ತಿರ ಹರಟುವ ಮಾತಿನಮಲ್ಲಿ. “ಹಳೇ ವಿಷ್ಯ ಯಜಮಾನ್ರೇ, ನಂಗಷ್ಟು ಗೊತ್ತಿಲ್ಲ. ಕಾಫಿ ತಗೊಳ್ಳಿ” ಎಂದೆ. ಅವರು ಕಾಫಿ ಕುಡಿಯದೆ ಎದ್ದುಹೋದರು. ನಿಶ್ಚಿತಾರ್ಥ ಮುಂದಕ್ಕೆ ಹೋಗಿದೆ ಎಂದು ಆಮೇಲೆ ಕೇಳಿದೆ. ಅದೂ ನನ್ನ ಕೆಲಸವೇ.

ಅಟ್ಟದಿಂದ ಇಳಿದ ಮೇಲೆ ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳು ಇವಳೇನಾ ಎನ್ನುವ ಹಾಗೆ ನೋಡಿ, ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗಿ ಊಟ ಮಾಡಿದರು. ಎರಡು ದಿನವಾಯಿತು, ಬೇಕಾದಷ್ಟೇ ಮಾತು.

ಇವತ್ತು ಬೆಳಿಗ್ಗೆ ಅಂಗಳದ ಮರದ ಕೆಳಗೆ ನಿಂತು ಎರಡು ಫೋನು ಮಾಡಿದೆ. ಮೊದಲನೆಯದು ಮುನಿವೆಂಕಟಪ್ಪನವರಿಗೆ. ಆವತ್ತು ಗೊತ್ತಿಲ್ಲ ಎಂದದ್ದು ಸುಳ್ಳು, ನನಗೆಲ್ಲ ಗೊತ್ತು, ಹುಡುಗಿ ನಮ್ಮಣ್ಣನ ಮಗಳೇ ಎಂದೆ. ಅವರು “ಬಾಯ್ಮಾತು ಇವತ್ತೊಂದು ಆಗತ್ತೆ, ನಾಳೆ ಒಂದಾಗತ್ತೆ. ನಿಮ್ದೇ ಎರಡು ಆಯ್ತಲ್ಲಮ್ಮ. ಬರ್ದು ಕೊಡ್ತೀರಾ?” ಎಂದು ಕೇಳಿದರು. ಕೊಡುತ್ತೇನೆ ಎಂದಿದ್ದೇನೆ. ಆದರೆ ಬರೆದದ್ದು ಮೊದಲು ನಿಮ್ಮ ಕೈಗೆ ಬರಬೇಕು. ನಿಮ್ಮ ಮಾನದ ವಿಷಯ, ನಿಮ್ಮನ್ನು ಕೇಳದೆ ನಾನು ತೀರ್ಮಾನ ಮಾಡಬಾರದು. ಇದನ್ನು ಅವರಿಗೆ ತೋರಿಸಿ, ಊರಿಗೆಲ್ಲ ಓದಿ ಹೇಳಿ, ಇಲ್ಲ ಒಲೆಗೆ ಹಾಕಿ, ನಿಮ್ಮಿಷ್ಟ.

ಎರಡನೆಯದು ಅಮ್ಮನಿಗೆ. ಬಯ್ಯಪ್ಪ ಹೇಳಿದ್ದು, ಬೇಲಿ ಸಾಲು, ನಿಮ್ಮ ಆಣೆ, ಎಲ್ಲವನ್ನೂ ಹೇಳಿದೆ. ಅಮ್ಮನಿಗೀಗ ಎಪ್ಪತ್ತೆಂಟು. ಕೂಗಾಡಲಿಲ್ಲ. “ಆವತ್ತು ನೀನೊಂದ್ ಮಾತು ಅಂದಿದ್ರೆ ನನ್ ಬಾಯಲ್ಲಿ ಅಂಥಾ ಮಾತು ಬರ್ತಿತ್ತೇನೇ? ಆ ಕೂಸಿನ್ ಮಕ ನಾನಿನ್ನೂ ನೋಡಿಲ್ಲ ಕಣೇ” ಎಂದು ಫೋನು ಇಟ್ಟುಬಿಟ್ಟಳು. ಅಣ್ಣನಿಗೆ ಅವಳು ಹೇಳಿದಳೋ ಇಲ್ಲವೋ ಗೊತ್ತಿಲ್ಲ. ಅವನ ಫೋನು ಬಂದಿಲ್ಲ. ಬಂದರೆ ಏನು ಹೇಳಲಿ ಎಂದು ಯೋಚಿಸುತ್ತಲೇ ಇದ್ದೇನೆ. ಅಪ್ಪನಿಗೆ ಹೇಳಬೇಕೆಂದರೆ ಅವರೇ ಇಲ್ಲ. ಮಗಳು ಸುಳ್ಳು ಹೇಳುವುದಿಲ್ಲ ಎಂದು ನಂಬಿಕೊಂಡೇ ಹೋದರು.

ಕ್ಷಮಿಸಿ ಎಂದು ಕೇಳಲು ಬರೆದದ್ದಲ್ಲ ಇದು. ಅದು ನನಗೆ ದಕ್ಕುವಂಥದ್ದಲ್ಲ. ಅಂಚೆಗೂ ಹಾಕುವುದಿಲ್ಲ. ಶುಕ್ರವಾರ ಬೆಳಿಗ್ಗೆ ದೇವನಹಳ್ಳಿಯಲ್ಲಿ ವಿಮಾನ ಇಳಿದು ಮನೆಗೆ ಹೋಗದೆ ಸೀದಾ ಚಿಂತಾಮಣಿಗೆ ಬರುತ್ತೇನೆ. ಬಾಗಿಲು ತೆಗೆದರೆ ಕೈಗೆ ಕೊಡುತ್ತೇನೆ, ತೆಗೆಯದಿದ್ದರೆ ಕಿಟಕಿಯಲ್ಲಿಟ್ಟು ಹಿಂದಿರುಗುತ್ತೇನೆ. ಬೈಯಬೇಕೆನಿಸಿದರೆ ಬೀದಿಯಲ್ಲೇ ನಿಲ್ಲಿಸಿ ಬೈಯಿರಿ, ನಾಲ್ಕು ಜನ ಕೇಳುವಂತೆ ಬೈಯಿರಿ. ನಿಮ್ಮನ್ನು ಬೈದದ್ದೂ ಹಾಗೆಯೇ ಅಲ್ಲವೇ.

ಯಾಮಿನಿ ಆ ಮನೆಗೇ ಸೊಸೆಯಾಗಿ ಹೋಗಲಿ, ಬೇರೆ ಮನೆಗೇ ಹೋಗಲಿ, ಹೋಗದೆ ನಿಮ್ಮ ಜೊತೆಯೇ ಇರಲಿ, ನಂಬಿ ಒಂದು ಮಾತು ಹೇಳಿದರೆ ಅದನ್ನು ಉಳಿಸಿಕೊಡುವ ಜನ ಅವಳ ಸುತ್ತ ಇರಲಿ. ಸೋದರತ್ತೆಯಾಗಿ ಅವಳ ತಲೆ ಮುಟ್ಟಿ ಹರಸುವ ಯೋಗ್ಯತೆ ನನಗಿಲ್ಲ. ದೂರದಿಂದಲೇ ಹರಸುತ್ತಿದ್ದೇನೆ, ಅವಳು ನೂರು ವರ್ಷ ಚೆನ್ನಾಗಿರಲಿ. ನಿಮ್ಮ ಮಂಡಿ ನೋವು ಕಡಿಮೆಯಾಗಲಿ.

ಇಂತಿ, ನಿಮ್ಮ ಜೊತೆ ಸೊಪ್ಪು ಹಾಕುತ್ತಿದ್ದ,
ಜೋತಮ್ಮ

ಆವತ್ತು ಅಮ್ಮನೆದುರು ನಾನು ಹೇಳಬೇಕಾಗಿದ್ದ ಮಾತು: ಹೌದಮ್ಮ, ನನಗೆ ಗೊತ್ತು, ಆ ತಿಂಗಳು ನಮ್ಮತ್ತಿಗೆ ಹೊರಗಾಗಿರಲಿಲ್ಲ, ಅವರ ಹೊಟ್ಟೆಯಲ್ಲಿ ಅಣ್ಣನ ಮಗು ಇತ್ತು, ಬೇಲಿ ಸಾಲಿನ ಸೊಪ್ಪು ತಂದವಳು ನಾನು.